ಎಚ್‌ಸಿಎಂ ಇರುವವರಿಗೆ ಒಬ್ಬ ಹೃದ್ರೋಗ ತಜ್ಞರು ಸಾಕೇ, ವಿಶೇಷ ತಂಡವೇ ಬೇಕೇ?

ಅಕ್ಕರೆಯ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ, ಅಂದರೆ ಎಚ್‌ಸಿಎಂ, ಇದೆಯೆಂದು ಇತ್ತೀಚೆಗೆ ತಿಳಿದುಬಂದಿದೆ, ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯಂತೆ. ಅವನಿಗೆ ಈಗಷ್ಟೇ ಮೂವತ್ತು ದಾಟಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಹೊಟ್ಟೆ ತುಂಬ ಊಟ ಮಾಡಿ ನಡೆದರೆ ಎದೆ ಬಿಗಿದಂತಾಗುತ್ತದೆ. ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಹೃದಯದ ನಡುಗೋಡೆ 21 ಮಿ.ಮೀ. ದಪ್ಪವಿದೆ, ಗ್ರೇಡಿಯೆಂಟ್ 28 ಇದೆ ಎಂದು ಬರೆದಿದ್ದಾರೆ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಶುರುವಾಗಿದೆ. ಈಗ ನೋಡುತ್ತಿರುವ ಹೃದ್ರೋಗ ತಜ್ಞರ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ. ಆದರೆ ಈ ಕಾಯಿಲೆಯನ್ನೇ ನೋಡುವ ತಂಡವಿರುವ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ ಎಂದು ಅವರೇ ಪತ್ರ ಕೊಟ್ಟಿದ್ದಾರೆ. ಇದ್ದ ವೈದ್ಯರನ್ನು ಬಿಟ್ಟು ಹತ್ತು ಜನರ ಕೈಗೆ ಸಿಕ್ಕುವುದು ಬೇಡ ಎಂದು ಮನೆಯಲ್ಲಿ ಒಬ್ಬರು ಹೇಳಿದರೆ, ಹೃದಯದ ವಿಷಯದಲ್ಲಿ ತಡ ಮಾಡಬಾರದು ಎಂದು ಇನ್ನೊಬ್ಬರು ಹೇಳುತ್ತಾರೆ. ತಂಡ ಎಂದರೆ ನಿಜವಾಗಿ ಏನು, ಅದರಿಂದ ಏನು ಬದಲಾಗುತ್ತದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹತ್ತಿರದ ವೈದ್ಯ

ನಾನು ಸಾಮಾನ್ಯ ಹೃದ್ರೋಗ ಚಿಕಿತ್ಸೆ ನೀಡುವ ವೈದ್ಯ. ನಿಮ್ಮ ತಮ್ಮನಂಥವರಿಗೆ ನಾನೂ ಇಂಥದೇ ಪತ್ರ ಬರೆದುಕೊಡುತ್ತೇನೆ. ರೋಗಿಯನ್ನು ಬೇರೆಯವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಉದ್ದೇಶ ಅದರಲ್ಲಿ ಇರುವುದಿಲ್ಲ.

ಈ ಕಾಯಿಲೆ ಅಷ್ಟೇನೂ ಅಪರೂಪದ್ದಲ್ಲ. ವಯಸ್ಕರಲ್ಲಿ ಸುಮಾರು 500 ಮಂದಿಗೆ ಒಬ್ಬರಲ್ಲಿ ಇದು ಇರುತ್ತದೆ ಎಂಬ ಅಂದಾಜು 1995ರಿಂದಲೂ ಇದೆ, ಅದಕ್ಕಿಂತ ಹೆಚ್ಚಿರಬಹುದು ಎನ್ನುವವರೂ ಇದ್ದಾರೆ. ಆದರೂ ರಕ್ತನಾಳದ ಅಡಚಣೆ, ರಕ್ತದೊತ್ತಡ, ಹೃದಯಾಘಾತ ಇವುಗಳ ನಡುವೆ ದಿನ ಕಳೆಯುವ ನನ್ನಂಥವರ ಕಣ್ಣಿಗೆ ಎಚ್‌ಸಿಎಂ ಬೀಳುವುದು ಆಗೊಮ್ಮೆ ಈಗೊಮ್ಮೆ. ಬಿದ್ದಾಗಲೂ ಒಬ್ಬರದು ಇನ್ನೊಬ್ಬರಂತಿರುವುದಿಲ್ಲ. ಒಬ್ಬರಿಗೆ ದಪ್ಪವಾದ ಗೋಡೆಯೂ ಮೈಟ್ರಲ್ ಕವಾಟದ ಎಲೆಯೂ ಸೇರಿ ರಕ್ತ ಹೊರಹೋಗುವ ದಾರಿಯನ್ನು ಕಟ್ಟುತ್ತವೆ. ಮತ್ತೊಬ್ಬರಲ್ಲಿ ದಾರಿ ತೆರೆದೇ ಇದ್ದರೂ ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಆಗುವುದಿಲ್ಲ. ಮಗದೊಬ್ಬರಿಗೆ ಲಕ್ಷಣವೇ ಇಲ್ಲದಿದ್ದರೂ ಲಯ ತಪ್ಪುವ ಅಪಾಯವಿರುತ್ತದೆ. ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ 1958ರಲ್ಲಿ ಈ ಕಾಯಿಲೆಯ ಆಧುನಿಕ ವಿವರಣೆಯನ್ನು ಕೊಟ್ಟಾಗ ಅವರ ಮುಂದಿದ್ದದ್ದು ಹಠಾತ್ತನೆ ಸತ್ತ ಯುವಜನರ ಹೃದಯಗಳು. ಇಂದು ಸರಿಯಾಗಿ ನೋಡಿಕೊಂಡ ಬಹುಪಾಲು ರೋಗಿಗಳು ಎಲ್ಲರಂತೆ ಪೂರ್ಣಾಯುಷ್ಯ ಬದುಕುತ್ತಾರೆ. ಈ ಎರಡರ ನಡುವಿನ ಅಂತರವನ್ನು ತುಂಬಿದ್ದು ಒಂದೇ ಒಂದು ಔಷಧವಲ್ಲ. ಚಿತ್ರಣ, ಶಸ್ತ್ರಚಿಕಿತ್ಸೆ, ಐಸಿಡಿ (ಲಯ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸಲು ಮೈಯೊಳಗೆ ಅಳವಡಿಸುವ ಸಾಧನ), ವಂಶವಾಹಿ ಪರೀಕ್ಷೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಎಲ್ಲವೂ ಸೇರಿ ತುಂಬಿವೆ. ಇಷ್ಟೆಲ್ಲದರಲ್ಲೂ ಒಬ್ಬರೇ ನುರಿತವರಾಗಿರುವುದು ಸಾಧ್ಯವಿಲ್ಲ.

ಅಮೆರಿಕದ ಹೃದ್ರೋಗ ಸಂಘಟನೆಗಳು 2020ರಲ್ಲಿಯೂ 2024ರಲ್ಲಿಯೂ, ಯೂರೋಪಿನ ಸಂಘಟನೆ 2023ರಲ್ಲಿಯೂ ಪ್ರಕಟಿಸಿದ ಮಾರ್ಗಸೂಚಿಗಳು ಬಹುಶಿಸ್ತೀಯ ತಂಡದ, ಅಂದರೆ ಬೇರೆ ಬೇರೆ ವಿಭಾಗಗಳ ತಜ್ಞರು ಕೂಡಿ ನೋಡುವ ತಂಡದ, ಮಾತನ್ನು ಒತ್ತಿ ಹೇಳಿರುವುದು ಇದಕ್ಕಾಗಿಯೇ. ತಂಡಕ್ಕೆ ಹೋದರೆ ನಿಮ್ಮ ಈಗಿನ ವೈದ್ಯರು ಬಿಟ್ಟುಹೋಗುತ್ತಾರೆ ಎಂದು ಭಾವಿಸಬೇಡಿ. ಅವರೂ ಆ ತಂಡದ ಒಂದು ಭಾಗವಾಗಿಯೇ ಉಳಿಯಬೇಕು.

ಎಕೋ ಕೊಠಡಿ

ಅಕ್ಕ, ನಿಮ್ಮ ಬರಹದ ಒಂದು ಸಂಖ್ಯೆಯ ಬಗ್ಗೆ ಹೇಳಲೇಬೇಕಿದೆ. ಗ್ರೇಡಿಯೆಂಟ್ 28 ಎಂದಿದ್ದೀರಿ. ಹೃದಯದ ಒಳಗಿನ ಒತ್ತಡಕ್ಕೂ ಮಹಾಪಧಮನಿಯ ಕಡೆ ಹೊರಹೋಗುವ ದಾರಿಯ ಒತ್ತಡಕ್ಕೂ ನಡುವಿನ ವ್ಯತ್ಯಾಸ ಅದು, 30 ಮಿ.ಮೀ. ಪಾದರಸ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಡಚಣೆ ಇದೆ ಎನ್ನುತ್ತೇವೆ, ಔಷಧ ಕೊಟ್ಟರೂ ಲಕ್ಷಣಗಳು ತಗ್ಗದೆ 50 ದಾಟಿದ್ದರೆ ಗೋಡೆ ತೆಳುವಾಗಿಸುವ ಚಿಕಿತ್ಸೆಯ ಯೋಚನೆ ಬರುತ್ತದೆ. ಹಾಗಾದರೆ 28 ಎಂದರೆ ಅಡಚಣೆಯಿಲ್ಲ ಎಂದರ್ಥವೇ? ಹಾಗೆ ಹೇಳಲು ಬರುವುದಿಲ್ಲ. ಮಲಗಿದ್ದಾಗ ಅಳೆದ ಸಂಖ್ಯೆ ಮಾತ್ರ ಅದು.

ಈ ಕಾಯಿಲೆಯ ಅಡಚಣೆ ಗಳಿಗೆಗೊಂದು ರೀತಿ ಇರುತ್ತದೆ. ನಮ್ಮಲ್ಲಿ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ ಮೊದಲು ಅಳೆಯುತ್ತೇವೆ. ಆಮೇಲೆ ಬಾಯಿ ಮೂಗು ಬಿಗಿಹಿಡಿದು ಹೊಟ್ಟೆಯ ಬಲ ಹಾಕಿ ಮುಕ್ಕಲು ಹೇಳಿ ಇನ್ನೊಮ್ಮೆ. ಕುಕ್ಕರಗಾಲಿನಲ್ಲಿ ಕೂರಿಸಿ ತಟ್ಟನೆ ಎದ್ದು ನಿಲ್ಲಿಸಿ ಮತ್ತೊಮ್ಮೆ. ಅಷ್ಟಕ್ಕೂ ಏನೂ ಕಾಣದೆ ಲಕ್ಷಣಗಳು ಮಾತ್ರ ಇದ್ದರೆ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ, ಇಳಿದ ಕೂಡಲೇ ಅಳೆಯುತ್ತೇವೆ. ಮಲಗಿದ್ದಾಗ 28 ಇದ್ದದ್ದು ಎದ್ದು ನಿಂತಾಗ 80 ಆಗುವುದು ನಮಗೆ ಹೊಸತಲ್ಲ. ಊಟವಾದ ಮೇಲೆ ಲಕ್ಷಣ ಹೆಚ್ಚುತ್ತದೆ ಎಂಬ ನಿಮ್ಮ ತಮ್ಮನ ಮಾತು ಇದೇ ಕಾರಣಕ್ಕೆ ಮುಖ್ಯ. ಸ್ಥೂಲವಾಗಿ ಹೇಳಬೇಕೆಂದರೆ, ರೋಗಿಗಳಲ್ಲಿ ಮೂರನೆಯ ಒಂದು ಪಾಲಿಗೆ ವಿಶ್ರಾಂತಿಯಲ್ಲೇ ಅಡಚಣೆ ಕಾಣುತ್ತದೆ, ಇನ್ನೂ ಮೂರನೆಯ ಒಂದು ಪಾಲಿಗೆ ಹೀಗೆ ಕೆಣಕಿದಾಗ ಮಾತ್ರ ಕಾಣುತ್ತದೆ.

ಅಳೆಯುವುದರಲ್ಲೂ ತಪ್ಪುದಾರಿಗಳಿವೆ. ಹೊರಹೋಗುವ ದಾರಿಯ ರಕ್ತದ ಅಲೆ ಡಾಪ್ಲರ್ ಪರದೆಯ ಮೇಲೆ ಕಠಾರಿಯ ಅಲಗಿನಂತೆ, ತಡವಾಗಿ ಮೊನೆಗೊಳ್ಳುವ ಆಕಾರದಲ್ಲಿ ಮೂಡುತ್ತದೆ; ಅದರ ಪಕ್ಕದಲ್ಲೇ ಮೈಟ್ರಲ್ ಕವಾಟದ ಸೋರಿಕೆಯ ಅಲೆ ಇರುತ್ತದೆ, ಅದರ ವೇಗ ಇನ್ನೂ ಹೆಚ್ಚು. ಒಂದನ್ನು ಇನ್ನೊಂದೆಂದು ತಿಳಿದರೆ ಗ್ರೇಡಿಯೆಂಟ್ ಇರುವುದಕ್ಕಿಂತ ಬಹಳ ದೊಡ್ಡದಾಗಿ ವರದಿಯಾಗುತ್ತದೆ. ಹೃದಯದ ತುದಿಯಲ್ಲಿ ಮಾತ್ರ ಗೋಡೆ ದಪ್ಪವಾಗಿದ್ದರೆ ಎಕೋದಲ್ಲಿ ಅದು ಕಣ್ತಪ್ಪಿಯೇ ಹೋಗಬಹುದು, ಎಂಆರ್‌ಐನಲ್ಲಿ ಸಿಕ್ಕುತ್ತದೆ. ಎಂಆರ್‌ಐ ಸ್ನಾಯುವಿನೊಳಗಿನ ಕಲೆಯನ್ನೂ ತೋರಿಸುತ್ತದೆ.

ಇನ್ನೊಂದು ವಿಷಯ. ಗೋಡೆ ದಪ್ಪವಾಗಿದ್ದ ಮಾತ್ರಕ್ಕೆ ಎಚ್‌ಸಿಎಂ ಆಗುವುದಿಲ್ಲ. ವಯಸ್ಕರಲ್ಲಿ ಬೇರೆ ಕಾರಣವಿಲ್ಲದೆ 15 ಮಿ.ಮೀ. ಇದ್ದರೆ ಎಚ್‌ಸಿಎಂ ಎನ್ನುತ್ತೇವೆ. ಮನೆತನದಲ್ಲಿ ಕಾಯಿಲೆಯಿದ್ದರೆ 13 ಸಾಕು. ದೀರ್ಘಕಾಲದ ರಕ್ತದೊತ್ತಡ, ಕಠಿಣ ಕ್ರೀಡಾಭ್ಯಾಸ, ಅಮಿಲಾಯ್ಡ್ (ಅಸಹಜ ಪ್ರೋಟೀನ್ ಸ್ನಾಯುವಿನಲ್ಲಿ ಶೇಖರವಾಗುವ ಕಾಯಿಲೆ), ಫಾಬ್ರಿ ಎಂಬ ಆನುವಂಶಿಕ ಕಾಯಿಲೆ ಇವೂ ಗೋಡೆಯನ್ನು ದಪ್ಪಗೊಳಿಸುತ್ತವೆ. ಅಮಿಲಾಯ್ಡ್‌ಗೂ ಫಾಬ್ರಿಗೂ ಪ್ರತ್ಯೇಕ ಔಷಧಗಳಿರುವುದರಿಂದ ಇಲ್ಲಿ ಹೆಸರು ತಪ್ಪಿದರೆ ಚಿಕಿತ್ಸೆಯೇ ತಪ್ಪುತ್ತದೆ. ಅನುಭವವಿರುವ ತಂಡ ಮೊದಲ ಭೇಟಿಯಲ್ಲಿ ಹಳೆಯ ವರದಿಯನ್ನು ಓದಿ ಸುಮ್ಮನಾಗದೆ ಚಿತ್ರಗಳನ್ನೇ ತರಿಸಿ ನೋಡುತ್ತದೆ. ಆದ್ದರಿಂದ ಮುದ್ರಿತ ಹಾಳೆಯ ಜೊತೆಗೆ ಎಕೋದ ವೀಡಿಯೊ ಇರುವ ಡಿಸ್ಕನ್ನೂ ಮರೆಯದೆ ಕೇಳಿ ಪಡೆಯಿರಿ.

ನಿಧಾನ ನಡಿಗೆ

ನಾನು ರೋಗಿ. ಮೈಎಕ್ಟಮಿ ಮಾಡಿಸಿಕೊಂಡು ಈಗ ಆರಾಮವಾಗಿದ್ದೇನೆ. ತಂಡದಿಂದ ಏನು ಬದಲಾಗುತ್ತದೆ ಎಂದು ಕೇಳಿದ್ದೀರಿ. ನನ್ನ ವಿಷಯದಲ್ಲಿ ಯಾವ ಚಿಕಿತ್ಸೆ ಎಂಬುದೇ ಬದಲಾಯಿತು.

ಔಷಧಗಳಿಗೆ ಬಗ್ಗದ ಅಡಚಣೆಗೆ ಎರಡು ಮುಖ್ಯ ದಾರಿಗಳಿವೆ. ಎದೆ ತೆರೆದು, ಮಹಾಪಧಮನಿಯ ಕವಾಟದ ಮೂಲಕ ಕೈಯಾಡಿಸಿ, ದಪ್ಪಗೋಡೆಯ ಸ್ನಾಯುವನ್ನು ಕೆತ್ತಿ ತೆಗೆಯುವುದು ಮೈಎಕ್ಟಮಿ. ಇದಕ್ಕೆ ಅಮೆರಿಕದ ಶಸ್ತ್ರವೈದ್ಯ ಆಂಡ್ರೂ ಗ್ಲೆನ್ ಮಾರೋ ಅವರ ಹೆಸರಿದೆ, ಅವರಿಗೇ ಈ ಕಾಯಿಲೆಯಿತ್ತು. ಕ್ಯಾತಿಟರ್ ಎಂಬ ಸಣ್ಣ ಕೊಳವೆಯ ಮೂಲಕ ಆ ಗೋಡೆಗೆ ರಕ್ತ ಕೊಡುವ ಸಣ್ಣ ನಾಳಕ್ಕೆ ಆಲ್ಕೋಹಾಲ್ ಬಿಟ್ಟು ಅಷ್ಟು ಭಾಗವನ್ನು ಮಾತ್ರ ಕುಗ್ಗಿಸುವುದು ಸೆಪ್ಟಲ್ ಅಬ್ಲೇಶನ್; ಉಲ್ರಿಚ್ ಸಿಗ್ವಾರ್ಟ್ ಅದನ್ನು 1995ರಲ್ಲಿ ವರದಿ ಮಾಡಿದರು. ನಾನು ಮೊದಲು ಹೋದ ಕಡೆ ಎರಡನೆಯದು ಮಾತ್ರ ಲಭ್ಯವಿತ್ತು, ಹಾಗಾಗಿ ನನಗೂ ಅದನ್ನೇ ಹೇಳಿದರು. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ. ವಿಶೇಷ ಕೇಂದ್ರದಲ್ಲಿ ಶಸ್ತ್ರವೈದ್ಯರೂ ಅಬ್ಲೇಶನ್ ಮಾಡುವ ತಜ್ಞರೂ ಒಂದೇ ಪರದೆಯ ಮುಂದೆ ನಿಂತು ನನ್ನ ಎಕೋ ನೋಡಿದರು. ನನ್ನ ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯುಕಂಬ ಇರಬೇಕಾದ ಜಾಗಕ್ಕಿಂತ ಮುಂದೆ ಬಂದಿತ್ತು. ಗೋಡೆಯನ್ನು ಮಾತ್ರ ತೆಳುವಾಗಿಸಿದರೆ ಅಡಚಣೆ ಪೂರ್ತಿ ಹೋಗುವುದಿಲ್ಲ, ಅದನ್ನೂ ಸರಿಪಡಿಸಬೇಕು, ಅದು ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ ಸಾಧ್ಯ ಎಂದು ಅಬ್ಲೇಶನ್ ತಜ್ಞರೇ ಹೇಳಿದರು. ತಾವು ಮಾಡಬಹುದಾಗಿದ್ದ ಕೆಲಸವನ್ನು ತಾವೇ ಬೇಡವೆಂದ ಆ ಮಾತಿನಿಂದ ನನಗೆ ಧೈರ್ಯ ಬಂತು. ವಯಸ್ಸಾದವರಿಗೆ, ಬೇರೆ ಕಾಯಿಲೆಗಳಿಂದ ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಅಬ್ಲೇಶನ್ ಒಳ್ಳೆಯ ಆಯ್ಕೆಯಾಗಿರುತ್ತದೆ ಎಂಬುದನ್ನೂ ಅವರು ವಿವರಿಸಿದರು.

ಅನುಭವದ ಲೆಕ್ಕವೂ ಸಣ್ಣದಲ್ಲ. ಅಮೆರಿಕದ ಆಸ್ಪತ್ರೆಗಳ 2003ರಿಂದ 2011ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈಎಕ್ಟಮಿಯನ್ನು ಅತಿ ಕಡಿಮೆ ಸಂಖ್ಯೆಯಲ್ಲಿ ಮಾಡುವ ಆಸ್ಪತ್ರೆಗಳ ಗುಂಪಿನಲ್ಲಿ ಆಸ್ಪತ್ರೆಯಲ್ಲೇ ಸತ್ತವರ ಪ್ರಮಾಣ ಶೇ. 15.6, ಹೆಚ್ಚು ಮಾಡುವ ಗುಂಪಿನಲ್ಲಿ ಶೇ. 3.8. ನಿಜವಾಗಿ ಪಳಗಿದ ಕೇಂದ್ರಗಳಲ್ಲಿ ಇದು ಶೇ. 1ಕ್ಕಿಂತಲೂ ಕಡಿಮೆ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಫಲಿತಾಂಶ ಹೇಗಿದೆ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ತಂಡ ಆ ಪ್ರಶ್ನೆಗೆ ಬೇಸರಪಡುವುದಿಲ್ಲ.

ಎಕೋ ಕೊಠಡಿ

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಚಿಕಿತ್ಸೆ ಆಯುವಾಗ ಹಳೆಯ ಇಸಿಜಿಯನ್ನೂ ನೋಡುತ್ತಾರೆ. ಮೈಎಕ್ಟಮಿಯ ನಂತರ ಹೃದಯದ ಎಡ ವಿದ್ಯುತ್ ಕವಲಿನಲ್ಲಿ ತಡೆ ಉಂಟಾಗುವುದು ಸಾಮಾನ್ಯ, ಅಬ್ಲೇಶನ್ ನಂತರ ಬಲ ಕವಲಿನಲ್ಲಿ. ಆದ್ದರಿಂದ ಮೊದಲೇ ಬಲ ಕವಲು ಕೆಟ್ಟಿದ್ದವರಿಗೆ ಮೈಎಕ್ಟಮಿ ಮಾಡಿದರೆ ಅಥವಾ ಎಡ ಕವಲು ಕೆಟ್ಟಿದ್ದವರಿಗೆ ಅಬ್ಲೇಶನ್ ಮಾಡಿದರೆ ಪೇಸ್‌ಮೇಕರ್ ಬೇಕಾಗುವ ಸಂಭವ ಏರುತ್ತದೆ.

ಅಕ್ಕರೆಯ ಅಕ್ಕ

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಇನ್ನೆರಡು ವಿಷಯ ಕೇಳಲೇ? ಅಂತರ್ಜಾಲದಲ್ಲಿ ಹಠಾತ್ ಸಾವಿನ ಬಗ್ಗೆ ಓದಿ ಅಮ್ಮ ರಾತ್ರಿ ನಿದ್ದೆ ಮಾಡುತ್ತಿಲ್ಲ. ಎಲ್ಲರಿಗೂ ಐಸಿಡಿ ಹಾಕಿಸಲೇಬೇಕೇ? ಮತ್ತೆ, ಹೊಸ ಮಾತ್ರೆಯೊಂದು ಬಂದಿದೆಯಂತೆ, ಅದಿದ್ದರೆ ಈ ಶಸ್ತ್ರಚಿಕಿತ್ಸೆಯೆಲ್ಲ ಬೇಡವಂತೆ, ಹೌದೇ?

ಮಿಡಿತ

ನಾನು ಹೃದಯದ ಲಯದ ವೈದ್ಯ, ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಎಲ್ಲರಿಗೂ ಬೇಡ. ನಿಮ್ಮ ಅಮ್ಮನವರಿಗೆ ಮೊದಲು ಈ ಮಾತನ್ನು ಹೇಳಿ: ಹಠಾತ್ ಸಾವು ಈ ಕಾಯಿಲೆಯ ಅತಿ ಭಯದ ಮುಖ, ಅತಿ ಸಾಮಾನ್ಯ ಮುಖವಲ್ಲ.

ನಾವು ನೋಡುವುದು ಇವನ್ನು: ಹತ್ತಿರದ ರಕ್ತಸಂಬಂಧಿಗಳಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದೆಯೇ, ಕಾರಣ ತಿಳಿಯದ ಮೂರ್ಛೆ ಬಂದಿದೆಯೇ, ಗೋಡೆ 30 ಮಿ.ಮೀ. ಮುಟ್ಟಿದೆಯೇ, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ವೇಗದ ಬಡಿತಗಳ ಸಾಲು ಕಂಡಿದೆಯೇ, ಹೃದಯದ ತುದಿ ಉಬ್ಬಿದೆಯೇ, ಪಂಪು ಮಾಡುವ ಶಕ್ತಿ ಶೇ. 50ಕ್ಕಿಂತ ಇಳಿದಿದೆಯೇ, ಎಂಆರ್‌ಐನಲ್ಲಿ ಕಲೆ ವಿಸ್ತಾರವಾಗಿದೆಯೇ. ಯೂರೋಪಿನಲ್ಲಿ 2014ರಿಂದ ಬಳಕೆಯಲ್ಲಿರುವ ಲೆಕ್ಕಾಚಾರವು ವಯಸ್ಸು, ಗೋಡೆಯ ದಪ್ಪ, ಎಡ ಹೃತ್ಕರ್ಣದ ಗಾತ್ರ, ಗ್ರೇಡಿಯೆಂಟ್ ಮುಂತಾದವನ್ನು ಸೇರಿಸಿ ಮುಂದಿನ 5 ವರ್ಷಗಳ ಅಪಾಯವನ್ನು ಶೇಕಡಾವಾರು ಹೇಳುತ್ತದೆ, ಶೇ. 6 ಮತ್ತು ಅದಕ್ಕಿಂತ ಮೇಲಿದ್ದರೆ ಐಸಿಡಿಯನ್ನು ಪರಿಗಣಿಸುತ್ತಾರೆ, 4ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಬೇಡವೆನ್ನುತ್ತಾರೆ, ನಡುವಿನವರ ವಿಷಯದಲ್ಲಿ ಕೂತು ಮಾತಾಡಬೇಕಾಗುತ್ತದೆ.

ಆ ಮಾತುಕತೆಗೆ ಸಾಕಷ್ಟು ಸಮಯ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಐಸಿಡಿ ಜೀವ ಉಳಿಸುವುದು ಎಷ್ಟು ನಿಜವೋ, ಮೂವತ್ತರ ಯುವಕನಿಗೆ ಅದು ಜೀವಮಾನದ ಸಂಗಾತಿ ಎಂಬುದೂ ಅಷ್ಟೇ ನಿಜ. ಬ್ಯಾಟರಿ ಮುಗಿದಾಗ ಬದಲಿಸಬೇಕು, ತಂತಿ ಹಾಳಾಗಬಹುದು, ಸೋಂಕು ತಗುಲಬಹುದು, ಅಗತ್ಯವಿಲ್ಲದಾಗಲೂ ಶಾಕ್ ಕೊಡಬಹುದು. ಶಾಕ್ ಅನುಭವಿಸಿದ ಕೆಲವರು ಮನೆಯಿಂದ ಹೊರಗೆ ಕಾಲಿಡಲೂ ಹೆದರುತ್ತಾರೆ. ತಂಡದಲ್ಲಿ ಮನೋವೈದ್ಯರೋ ಆಪ್ತಸಮಾಲೋಚಕರೋ ಇರಬೇಕಾದದ್ದು ಇಂಥವರಿಗಾಗಿ.

ಹೇಳದೆ ಬಿಡಬಾರದ ಇನ್ನೊಂದು ಮಾತಿದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷ ಎಚ್‌ಸಿಎಂ ಇರುವವರಲ್ಲಿ ಹೆಚ್ಚು. ಬೇರೆಯವರಲ್ಲಿ ಪಾರ್ಶ್ವವಾಯುವಿನ ಅಪಾಯದ ಅಂಕ ಲೆಕ್ಕ ಹಾಕಿ ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಡುವುದೋ ಬೇಡವೋ ಎಂದು ನಿರ್ಧರಿಸುತ್ತಾರೆ. ಎಚ್‌ಸಿಎಂ ಇದ್ದವರಿಗೆ ಅಂಕ ಎಷ್ಟೇ ಇರಲಿ, ಆ ಮಾತ್ರೆ ಕೊಡಬೇಕು. ಈ ಕಾಯಿಲೆಯ ಪರಿಚಯ ಕಡಿಮೆಯಿರುವಲ್ಲಿ ಅಂಕ ಸೊನ್ನೆ ಬಂತೆಂದು ಮಾತ್ರೆ ಬರೆಯದೇ ಇರುವುದನ್ನು ನಾನು ಕಂಡಿದ್ದೇನೆ.

ಹತ್ತಿರದ ವೈದ್ಯ

ಹೊಸ ಮಾತ್ರೆಯ ಬಗ್ಗೆ: ಮಾವಾಕ್ಯಾಮ್ಟೆನ್ ಎಂಬುದು ಹೃದಯಸ್ನಾಯುವಿನ ಅತಿಯಾದ ಸಂಕೋಚನವನ್ನೇ ತಗ್ಗಿಸುವ ಔಷಧ. ಅಡಚಣೆಯಿರುವ ರೋಗಿಗಳಲ್ಲಿ ಅದರ ಪ್ರಯೋಜನ ತೋರಿಸಿದ ಎಕ್ಸ್‌ಪ್ಲೋರರ್ ಪ್ರಯೋಗ 2020ರಲ್ಲಿ ಪ್ರಕಟವಾಯಿತು, ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿತು. ಅದೇ ಬಗೆಯ ಅಫಿಕ್ಯಾಮ್ಟೆನ್‌ನ ಫಲಿತಾಂಶ 2024ರಲ್ಲಿ ಬಂತು. ಕೆಲವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವನ್ನು ಇವು ದೂರ ಮಾಡಿವೆ ಎಂಬುದು ನಿಜ. ಆದರೆ ಎಲ್ಲರಿಗೂ ಆಗುವುದಿಲ್ಲ, ಮೊದಲ ಮಾತ್ರೆಯೂ ಅಲ್ಲ. ಬೀಟಾ ಬ್ಲಾಕರ್, ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್‌ನಿಂದ ಪ್ರಯೋಜನವಾಗದಿದ್ದಾಗ ಡೈಸೊಪಿರಮೈಡ್, ಮಾವಾಕ್ಯಾಮ್ಟೆನ್, ಶಸ್ತ್ರಚಿಕಿತ್ಸೆ ಇವುಗಳ ಮಾತು ಬರುತ್ತದೆ.

ತಂಡವೂ ಹತ್ತಿರದ ವೈದ್ಯರೂ ಜೊತೆಯಾಗಿ ಏಕೆ ಬೇಕು ಎಂಬುದಕ್ಕೆ ಈ ಮಾತ್ರೆಯೇ ಸಾಕ್ಷಿ. ಸಂಕೋಚನವನ್ನು ಅಗತ್ಯಕ್ಕಿಂತ ಹೆಚ್ಚು ತಗ್ಗಿಸಿದರೆ ಹೃದಯ ವೈಫಲ್ಯವಾಗುತ್ತದೆ. ಹಾಗಾಗಿ ಆರಂಭದ ವಾರಗಳಲ್ಲಿ ಮೇಲಿಂದ ಮೇಲೆ ಎಕೋ ಮಾಡಿ, ಪಂಪು ಶಕ್ತಿ ಶೇ. 50ರ ಕೆಳಗಿಳಿದರೆ ಮಾತ್ರೆ ನಿಲ್ಲಿಸಬೇಕು. ಗರ್ಭಿಣಿಯರಿಗೆ ಕೊಡುವಂತಿಲ್ಲ. ಹೊಟ್ಟೆಯುರಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಒಮೆಪ್ರಜೋಲ್ ಕೂಡ ರಕ್ತದಲ್ಲಿ ಇದರ ಮಟ್ಟವನ್ನು ಏರಿಸಬಲ್ಲದು. ಪ್ರಮಾಣ ನಿರ್ಧರಿಸುವುದು ಕೇಂದ್ರದ ಕೆಲಸ, ಎಕೋ ಹತ್ತಿರದಲ್ಲೇ ಆಗಬಹುದು, ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆಂದು ಗಮನಿಸುವುದು ನನ್ನಂಥವನ ಕೆಲಸ. ಮೂವರಲ್ಲಿ ಒಬ್ಬರಿಂದೊಬ್ಬರಿಗೆ ಸುದ್ದಿ ತಲುಪದಿದ್ದರೆ ಔಷಧವೇ ಅಪಾಯಕಾರಿಯಾಗುತ್ತದೆ.

ವಂಶವೃಕ್ಷ

ನಾನು ಆನುವಂಶಿಕ ಆಪ್ತಸಮಾಲೋಚಕಿ. ಇಲ್ಲಿಯವರೆಗೆ ತಮ್ಮನ ಬಗ್ಗೆಯೇ ಮಾತಾಗಿದೆ. ಅಕ್ಕ, ಈಗ ನಿಮ್ಮ ಬಗ್ಗೆ ಕೇಳುತ್ತೇನೆ. ನೀವು ಇಸಿಜಿ, ಎಕೋ ಮಾಡಿಸಿಕೊಂಡಿದ್ದೀರಾ? ತಂದೆತಾಯಿ? ತಮ್ಮನಿಗೆ ಮಕ್ಕಳಿದ್ದರೆ ಅವರು?

ಎಚ್‌ಸಿಎಂಗೆ ಕಾರಣವಾಗುವ ವಂಶವಾಹಿ ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50, ಗಂಡಾಗಲಿ ಹೆಣ್ಣಾಗಲಿ. ಹಾಗಾಗಿ ಮೊದಲ ಹಂತದ ರಕ್ತಸಂಬಂಧಿಗಳೆಲ್ಲರಿಗೂ ತಪಾಸಣೆ ಆಗಬೇಕು. ಇಂದು ಎಕೋ ಸರಿಯಿದ್ದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ, ಗೋಡೆ ವರ್ಷಗಳ ನಂತರ ದಪ್ಪವಾಗಬಹುದು. ವಯಸ್ಕರಿಗೆ 3ರಿಂದ 5 ವರ್ಷಕ್ಕೊಮ್ಮೆ, ಮಕ್ಕಳಿಗೆ ಇನ್ನೂ ಬೇಗ ಬೇಗ ಮತ್ತೆ ನೋಡುತ್ತಾರೆ.

ವಂಶವಾಹಿ ಪರೀಕ್ಷೆಯನ್ನು ಮೊದಲು ರೋಗವಿರುವವರಲ್ಲೇ ಮಾಡಬೇಕು. ಎಮ್‌ವೈಎಚ್7 ಎಂಬ ವಂಶವಾಹಿಯ ದೋಷ 1990ರಲ್ಲಿ ಪತ್ತೆಯಾಯಿತು; ಅದೂ ಎಮ್‌ವೈಬಿಪಿಸಿ3 ಎಂಬುದೂ ಅತಿ ಹೆಚ್ಚು ಕಾಣುವವು. ತಮ್ಮನಲ್ಲಿ ಖಚಿತವಾದ ದೋಷ ಸಿಕ್ಕರೆ ಅದೊಂದನ್ನೇ ನಿಮ್ಮಲ್ಲಿ ಹುಡುಕಬಹುದು; ನಿಮ್ಮಲ್ಲಿ ಇಲ್ಲವೆಂದಾದರೆ ನಿಮಗೂ ನಿಮ್ಮ ಮಕ್ಕಳಿಗೂ ಪದೇ ಪದೇ ಎಕೋ ಮಾಡಿಸುವ ಚಿಂತೆಯಿಲ್ಲ. ಅವನಲ್ಲಿ ಏನೂ ಸಿಗದಿದ್ದರೆ ಕಾಯಿಲೆ ಇಲ್ಲವೆಂದಲ್ಲ, ಮನೆಯವರು ಎಕೋ ಮಾಡಿಸುತ್ತಲೇ ಇರಬೇಕು. ಕೆಲವೊಮ್ಮೆ ಇದರ ಅರ್ಥ ಇನ್ನೂ ಖಚಿತವಾಗಿಲ್ಲ ಎಂಬ ಫಲಿತಾಂಶ ಬರುತ್ತದೆ. ಅದನ್ನು ನೆಚ್ಚಿಕೊಂಡು ಮನೆಯಲ್ಲಿ ಯಾರಿಗೂ ರೋಗವಿದೆ ಎಂದೋ ಇಲ್ಲವೆಂದೋ ಹೇಳಬಾರದು. ಪರೀಕ್ಷೆಗೆ ರಕ್ತ ಕೊಡುವ ಮೊದಲೇ ಈ ಎಲ್ಲ ಸಾಧ್ಯತೆಗಳನ್ನು ಕೂರಿಸಿ ವಿವರಿಸುವವರು ತಂಡದಲ್ಲಿ ಇರಬೇಕು. ಮದುವೆಯ ಮಾತುಕತೆ, ಮಕ್ಕಳ ಯೋಚನೆ, ತಾಯಿಯ ಮನಸ್ಸಿನಲ್ಲಿ ಮೂಡುವ ತಪ್ಪಿತಸ್ಥ ಭಾವ, ಎಲ್ಲವೂ ಆ ಮಾತಿನಲ್ಲಿ ಬರುತ್ತವೆ.

ದೂರದಲ್ಲಿರುವವ

ಎಲ್ಲವನ್ನೂ ಒಪ್ಪುತ್ತೇನೆ, ಆದರೆ ಒಂದು ಮಾತು ಹೇಳಲೇಬೇಕು. ಇಂಥ ತಂಡಗಳು ಇರುವುದು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ. ಕೂಲಿ ಬಿಟ್ಟು, ಜೊತೆಗೆ ಒಬ್ಬರನ್ನು ಕರೆದುಕೊಂಡು, ಉಳಿಯಲು ಜಾಗ ಹುಡುಕಿ ಹೋಗಬೇಕಾದವರಿಗೆ ತಂಡಕ್ಕೆ ಹೋಗಿ ಎಂಬ ಸಲಹೆ ಗಾಯದ ಮೇಲೆ ಉಪ್ಪು ಸವರಿದಂತೆ. ನನ್ನ ಹೆಂಡತಿಗೆ ಈ ಕಾಯಿಲೆಯಿದೆ. ಒಮ್ಮೆ ಹೋದಾಗ ಪ್ರತಿಯೊಬ್ಬರೂ ಬೇರೆ ಬೇರೆ ದಿನ ಬರಹೇಳಿದರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದನ್ನು ತಂಡವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಸಂಯೋಜಕಿ

ನಿಮ್ಮ ನೋವು ನ್ಯಾಯವಾದದ್ದು. ನಾನು ಇಂಥ ತಂಡವೊಂದರಲ್ಲಿ ನರ್ಸ್ ಸಂಯೋಜಕಿ. ತಜ್ಞರು ಎಷ್ಟು ಜನ ಇದ್ದಾರೆ ಎಂಬುದಕ್ಕಿಂತ ಅವರ ನಡುವೆ ಒಂದೇ ಕಡತವಿದೆಯೇ, ರೋಗಿ ಕರೆ ಮಾಡಬಹುದಾದ ಒಬ್ಬ ವ್ಯಕ್ತಿ ಇದ್ದಾರೆಯೇ, ನಿರ್ಧಾರವನ್ನು ಬರೆದು ಊರಿನ ವೈದ್ಯರಿಗೆ ಕಳಿಸುತ್ತಾರೆಯೇ ಎಂಬುದನ್ನು ನೋಡಿ. ಈ ಮೂರರಲ್ಲಿ ಒಂದು ತಪ್ಪಿದರೂ ನೀವು ಹೇಳಿದಂತೆಯೇ ಆಗುತ್ತದೆ.

ದೂರದಿಂದ ಬರುವವರು ಹೊರಡುವ ಮೊದಲೇ ಕರೆ ಮಾಡಿ, ಎಕೋ, ಹೋಲ್ಟರ್, ಎಂಆರ್‌ಐ, ಸಮಾಲೋಚನೆ ಎಲ್ಲವನ್ನೂ ಒಂದೇ ಭೇಟಿಗೆ ಜೋಡಿಸಿಕೊಡಿ ಎಂದು ಕೇಳಿ; ಹೆಚ್ಚಿನ ಕಡೆ ಸಾಧ್ಯವಾಗುತ್ತದೆ, ಕೇಳದಿದ್ದರೆ ಯಾರೂ ತಾವಾಗಿ ಮಾಡುವುದಿಲ್ಲ. ಲಕ್ಷಣಗಳಿಲ್ಲದೆ ಸ್ಥಿರವಾಗಿರುವವರು ಪ್ರತಿ ಸಲ ಕೇಂದ್ರಕ್ಕೆ ಬರಬೇಕಾಗಿಯೂ ಇಲ್ಲ. ವರ್ಷದ ತಪಾಸಣೆ ಹತ್ತಿರದಲ್ಲೇ ಆಗಿ, ಚಿತ್ರಗಳು ನಮಗೆ ಬಂದರೆ ಸಾಕು. ಮೊದಲ ಸಲ ಕಾಯಿಲೆ ಖಚಿತವಾದಾಗ, ಐಸಿಡಿ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದಾಗ, ಗರ್ಭಧಾರಣೆಯ ಯೋಚನೆಯಿದ್ದಾಗ, ಲಕ್ಷಣಗಳು ಏರಿದಾಗ ಬರಲೇಬೇಕು.

ಅಕ್ಕರೆಯ ಅಕ್ಕ

ಹೋಗುವುದೆಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಸಂಯೋಜಕಿಯವರು ಹೇಳಿದಂತೆ ಕರೆ ಮಾಡಿ ಒಂದೇ ಭೇಟಿಗೆ ಎಲ್ಲವನ್ನೂ ಕೇಳಿದ್ದೇನೆ, ನನ್ನ ಎಕೋವನ್ನೂ ಸೇರಿಸಿ. ಅಲ್ಲಿಯವರೆಗೆ ತಮ್ಮ ನಡೆದಾಡಬಹುದೇ? ಮುಂದಿನ ತಿಂಗಳು ಹಲ್ಲು ಕೀಳಿಸುವುದೂ ಇದೆ.

ಸಂಯೋಜಕಿ

ಆರಾಮವಾಗಿ ಮಾತಾಡುತ್ತ ನಡೆಯುವಷ್ಟು ವೇಗದಲ್ಲಿ ನಡೆಯಲಿ, ಸುಮ್ಮನೆ ಮಲಗಿಸಬೇಡಿ. ಎಲ್ಲ ಕ್ರೀಡೆಯನ್ನೂ ನಿಷೇಧಿಸುವ ಹಿಂದಿನ ಕಟ್ಟುನಿಟ್ಟು ಈಗ ಸಡಿಲವಾಗಿದೆ, ಆದರೆ ಓಟ, ಸ್ಪರ್ಧೆ, ಭಾರ ಎತ್ತುವುದನ್ನು ತಂಡ ನೋಡಿ ಹೇಳುವವರೆಗೆ ಮುಂದೂಡಿ. ನೀರು ಕಡಿಮೆಯಾಗದಂತೆ ನೋಡಿಕೊಳ್ಳಿ. ವಾಂತಿ ಭೇದಿಯಾದರೆ, ಜ್ವರ ಬಂದರೆ ಅಡಚಣೆ ಹೆಚ್ಚುತ್ತದೆ. ಬೀಟಾ ಬ್ಲಾಕರ್ ಅನ್ನು ತಟ್ಟನೆ ನಿಲ್ಲಿಸಬಾರದು. ಎದೆನೋವೆಂದು ಯಾರಾದರೂ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಕೊಡಲು ಬಂದರೆ, ಎಚ್‌ಸಿಎಂ ಇದೆ ಎಂದು ಮೊದಲು ಹೇಳಿ. ಅದು ರಕ್ತನಾಳಗಳನ್ನು ಹಿಗ್ಗಿಸಿ ಅಡಚಣೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಲ್ಲಿನ ವೈದ್ಯರಿಗೂ ಅರಿವಳಿಕೆ ಕೊಡುವ ಮೊದಲೇ ಕಾಯಿಲೆಯ ಹೆಸರು, ಈಗಿನ ಮಾತ್ರೆಗಳ ಪಟ್ಟಿ ಕೊಡಿ. ಮೂರ್ಛೆ ಹೋದರೆ ಭೇಟಿಯ ದಿನಕ್ಕೆ ಕಾಯಬೇಡಿ, ತಕ್ಷಣ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದಲೇ ನಮಗೆ ಕರೆ ಮಾಡಿಸಿ.